ನಲವತ್ತು ಪಾಲಿನ ಮನೆ

ಸಾಲ್ಫರ್ಡ್
4 ಸೆಪ್ಟೆಂಬರ್ 2016

ಅಪ್ಪಾ,

ಎರಡು ವರ್ಷದಿಂದ ಕ್ರಿಸ್‌ಮಸ್ ಕಾರ್ಡು ಬಿಟ್ಟು ಬೇರೇನೂ ಬರೆಯದ ಮಗಳು ಇಷ್ಟು ದಪ್ಪದ ಲಕೋಟೆ ಕಳಿಸಿದ್ದಾಳೆಂದರೆ ಏನೋ ಕೆಟ್ಟದ್ದೇ ಇರಬೇಕು ಎಂದು ನೀನು ಗಾಬರಿಯಾಗಿ ಕನ್ನಡಕ ಹುಡುಕುತ್ತಿರುತ್ತೀಯ. ಗಾಬರಿ ಬೇಡ. ಫೋನಿನಲ್ಲೇ ಹೇಳೋಣವೆಂದರೆ ನಿನಗೆ ಕೇಳಿಸುವುದಿಲ್ಲ. ನಲವತ್ತು ವರ್ಷ ಡ್ರಿಲ್ ಯಂತ್ರದ ಪಕ್ಕ ನಿಂತ ಕಿವಿಗೆ ಮಗಳ ದನಿ ಎಲ್ಲಿಂದ ಕೇಳಬೇಕು?

ನಾನು ಮನೆ ಕೊಳ್ಳುತ್ತಿದ್ದೇನೆ.

ಪೂರ್ತಿ ಮನೆಯಲ್ಲ. ನೂರರಲ್ಲಿ ನಲವತ್ತು ಪಾಲು ನನ್ನದು. ಉಳಿದ ಅರವತ್ತು ವಸತಿ ಸಂಸ್ಥೆಯದು. ಅದಕ್ಕೆ ತಿಂಗಳು ತಿಂಗಳು ಬಾಡಿಗೆ ಕಟ್ಟಬೇಕು. ಮುಂದೆ ಅನುಕೂಲವಾದಾಗ ಇನ್ನಷ್ಟು ಪಾಲು ಕೊಳ್ಳಬಹುದು. ಬಸ್ಸು ಓಡಿಸುವವಳ ಸಂಬಳಕ್ಕೆ ಈ ಊರಿನಲ್ಲಿ ಬೇರೆ ದಾರಿಯಿಲ್ಲ. ಈಗಿರುವ ಮನೆಯ ಯಜಮಾನ ಮನೆ ಮಾರುತ್ತಾನಂತೆ, ಖಾಲಿ ಮಾಡಲು ನೋಟಿಸು ಕೊಟ್ಟಿದ್ದಾನೆ. ಹತ್ತೊಂಬತ್ತು ವರ್ಷದಲ್ಲಿ ಇದು ಏಳನೆಯ ಮನೆ. ರಟ್ಟಿನ ಪೆಟ್ಟಿಗೆಗಳನ್ನು ಬಿಸಾಡುವುದನ್ನೇ ಬಿಟ್ಟಿದ್ದೇನೆ, ಹೇಗೂ ಮತ್ತೆ ಬೇಕಾಗುತ್ತದಲ್ಲ ಎಂದು.

ಕಾಲುವೆಯ ದಂಡೆಯ ಮೇಲೆ ಆರು ಮಹಡಿಯ ಕಟ್ಟಡ. ನನ್ನದು ಐದನೆಯದು. ತೋರಿಸಲು ಬಂದಿದ್ದ ಸಂಸ್ಥೆಯ ಹುಡುಗಿ ಫಿಯೋನಾ, "ಈ ಕಿಟಕಿ ನೋಡಿ ಮೇಡಂ, ಸಂಜೆ ಬಿಸಿಲು ಸೀದಾ ಒಳಗೇ ಬರತ್ತೆ" ಅಂದಳು. "ಅದ್ರಲ್ಲೂ ನಂಗೆ ನಲವತ್ತು ಪಾಲು ಮಾತ್ರಾನಾ?" ಅಂದೆ. ಅವಳಿಗೆ ನಗು ಬರಲಿಲ್ಲ.

ನಿನ್ನ ಹತ್ತಿರ ಏನೂ ಕೇಳುತ್ತಿಲ್ಲ. ಯಾರಿಗಾದರೂ ಹೇಳಿಕೊಳ್ಳಬೇಕು ಅನ್ನಿಸಿತು. ಹೇಳಿಕೊಳ್ಳಲು ಇರುವವನು ನೀನೊಬ್ಬನೇ.

ನಿನ್ನ
ರೋವೆನಾ


ಮೋರ್ಕಮ್
11 ಸೆಪ್ಟೆಂಬರ್ 2016

ನಮ್ಮ ರೋವೆನಾಗೆ,

ಕೊನೆಗೂ ಬರೆದೆಯಲ್ಲ. ಪತ್ರವನ್ನು ಮೂರು ಸಲ ಓದಿದೆ, ಕನ್ನಡಕ ತಲೆಯ ಮೇಲೇ ಇತ್ತು.

ಅಲ್ಲ, ನಿನ್ನ ನಲವತ್ತು ಪಾಲು ಯಾವುದು? ಅಡುಗೆಮನೆ ಮತ್ತು ಅರ್ಧ ಬಚ್ಚಲೇ? ಸೂರು ಸೋರಿದರೆ ಯಾರ ಪಾಲು ಸೋರಿದ ಲೆಕ್ಕ? ಬಾರ್ನಿಯ ಮೀನಿನಂಗಡಿಯಲ್ಲಿ ಈ ಮಾತು ತೆಗೆದೆ. ಅವನು ಕಾಗದದ ಮೇಲೆ ಬರೆದು ತೋರಿಸಿದ: "ಕುದುರೆಯ ಹಿಂಗಾಲು ಕೊಂಡ ಹಾಗಾಯ್ತಲ್ಲೋ ಮಾರಾಯ. ಮೇವು ಪೂರ್ತಿ ನೀನೇ ಹಾಕು, ಹತ್ತೋನು ಇನ್ನೊಬ್ಬ." ಇಬ್ಬರೂ ನಕ್ಕೆವು. ಬೇಸರ ಮಾಡಿಕೊಳ್ಳಬೇಡ. ನಿನಗೊಂದು ನೆಲೆಯಾಗುತ್ತಿದೆ ಎಂದು ನನಗೆ ಸಂತೋಷವೇ.

ಒಂದು ಮಾತು. ಬಣ್ಣ ನೋಡಿ ಮರುಳಾಗಬೇಡ. ಕಟ್ಟಿದವರು ಯಾರು, ಯಾವ ವರ್ಷ ಮುಗಿಯಿತು, ವಿಚಾರಿಸು. ಗೋಡೆಗೆ ಬಣ್ಣ ಬಳಿಯುವುದೇ ಒಳಗಿರುವುದನ್ನು ಮುಚ್ಚಲು. ಜನ್ಮವೆಲ್ಲ ಗೋಡೆ ಕಟ್ಟಿದವನ ಮಾತು ಇದು.

ಅಪ್ಪ


ಸಾಲ್ಫರ್ಡ್
20 ಸೆಪ್ಟೆಂಬರ್ 2016

ಅಪ್ಪಾ,

ವಿಚಾರಿಸಿದೆ. ಕಟ್ಟಡದ ಹೆಸರು ಹೆರಾನ್ ಕೋರ್ಟ್. ಮುಗಿದದ್ದು 2012ರ ಬೇಸಿಗೆಯಲ್ಲಿ. ಕಟ್ಟಿದ ಕಂಪನಿ ದಿವಾಳಿಯೆದ್ದು ಹೋಗಿದೆಯಂತೆ. ಆಗ ನೀನೂ ಈ ಕಡೆಯೇ ಎಲ್ಲೋ ಕೆಲಸಕ್ಕೆ ಬರುತ್ತಿದ್ದೆಯಲ್ಲ, ನಿನಗೆ ಗೊತ್ತಿದ್ದರೂ ಇರಬಹುದು.

ಒಮ್ಮೆ ಬಂದು ನೋಡು. ಸ್ಟೇಷನ್ನಿಗೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ.

ರೋವೆನಾ


ಸಾಲ್ಫರ್ಡ್
30 ಅಕ್ಟೋಬರ್ 2016

ಅಪ್ಪಾ,

ಆರು ವಾರವಾಯಿತು. ಪತ್ರ ಸಿಕ್ಕಲಿಲ್ಲವೇ? ಹುಷಾರಾಗಿದ್ದೀಯಾ? ಬಾರ್ನಿಗೆ ಫೋನು ಮಾಡಿದೆ. "ಚೆನ್ನಾಗೇ ಇದಾನಮ್ಮ, ಸಮುದ್ರದ ಕಡೆ ಮುಖ ಮಾಡ್ಕೊಂಡು ಕೂತಿರ್ತಾನೆ. ಅಂಗಡಿಗೆ ಬರೋದು ಬಿಟ್ಟಿದಾನೆ" ಎಂದ.

ಬ್ಯಾಂಕಿನವರು ಸಾಲಕ್ಕೆ ಒಪ್ಪಿದ್ದಾರೆ.

ರೋವೆನಾ


ಮೋರ್ಕಮ್
9 ನವೆಂಬರ್ 2016

ರೋವೆನಾ,

ಆ ಮನೆ ಕೊಳ್ಳಬೇಡ.

ಬೇರೆ ಯಾವುದಾದರೂ ನೋಡು. ಹಳೆಯದಾದರೂ ಸರಿ, ಚಿಕ್ಕದಾದರೂ ಸರಿ, ಇಟ್ಟಿಗೆ ಗೋಡೆಯದು. ಮುಂಗಡ ಮುಳುಗಿದರೆ ಮುಳುಗಲಿ, ನನ್ನ ಹತ್ತಿರ ಇರುವುದನ್ನು ಕೊಡುತ್ತೇನೆ. ಕಾಲುವೆಯ ಪಕ್ಕ ಶೀತ ಜಾಸ್ತಿ. ನಿನಗೆ ಚಿಕ್ಕಂದಿನಿಂದ ಕಫದ ಬಾಧೆ.

ಕೊಳ್ಳಬೇಡ.

ಅಪ್ಪ


ಹೆರಾನ್ ಕೋರ್ಟ್, ಸಾಲ್ಫರ್ಡ್
14 ಜನವರಿ 2017

ಅಪ್ಪಾ,

ಮೇಲೆ ಬರೆದಿರುವ ವಿಳಾಸ ನೋಡಿದೆಯಾ? ರುಜು ಹಾಕಿ ಎಂಟು ದಿನವಾಯಿತು.

ಕಫ! ನಲವತ್ನಾಲ್ಕು ವರ್ಷದ ಹೆಂಗಸಿಗೆ ಕಫದ ಕಾರಣ ಹೇಳಿ ಮನೆ ಬಿಡು ಅನ್ನುತ್ತೀಯಲ್ಲ. ನಾನು ಬಸ್ಸು ಓಡಿಸುತ್ತೇನೆ ಅಂದಾಗ "ಹೆಂಗಸರ ಕೈಲಿ ಆಗೋ ಕೆಲಸಾನಾ" ಅಂದವನು ನೀನು. ಮದುವೆಯಾಗುತ್ತೇನೆ ಅಂದಾಗ ಬೇಡ ಅಂದೆ, ಬಿಟ್ಟು ಬಂದಾಗ ಯಾಕೆ ಬಿಟ್ಟೆ ಅಂದೆ. ಈ ಸಲವಾದರೂ ಕಾರಣ ಕೇಳೋಣವೆಂದು ಎರಡು ತಿಂಗಳು ಕಾದೆ. ನಿನ್ನಿಂದ ಒಂದಕ್ಷರ ಬರಲಿಲ್ಲ.

ಪೆಟ್ಟಿಗೆಗಳನ್ನೆಲ್ಲ ಮಡಚಿ ಕಸಕ್ಕೆ ಹಾಕಿದೆ. ಹಾಕುವಾಗ ಅಳು ಬಂತು. ಅದನ್ನು ನಿನಗಲ್ಲದೆ ಇನ್ಯಾರಿಗೆ ಬರೆಯಲಿ?

ರೋವೆನಾ


ಮೋರ್ಕಮ್
2 ಫೆಬ್ರವರಿ 2017

ರೋವೆನಾ,

ಇದರ ಜೊತೆ ಒಂದು ಪೊಟ್ಟಣ ಬರುತ್ತದೆ. ಅದರಲ್ಲಿ ಹೊಗೆ ಕಂಡರೆ ಕೂಗುವ ಗಂಟೆ ಎರಡಿವೆ. ಒಂದನ್ನು ಮಲಗುವ ಕೋಣೆಯಲ್ಲಿ ಹಾಕು. ಇನ್ನೊಂದನ್ನು ವಿದ್ಯುತ್ ಮೀಟರು ಇರುವ ಬೀರುವಿನ ಒಳಗೆ ಹಾಕು. ಹೊರಗಲ್ಲ, ಒಳಗೇ.

ಇನ್ನು ನಾನು ಕೇಳುವುದಕ್ಕೆ ಉತ್ತರ ಬರೆ. ಆ ಬೀರು ಯಾವ ಗೋಡೆಗಿದೆ? ಅದರ ಹಿಂಭಾಗವನ್ನು ಬೆರಳಿನಿಂದ ತಟ್ಟಿದರೆ ಎಂಥ ಸದ್ದು ಬರುತ್ತದೆ? ಬಾಗಿಲಿನಿಂದ ಮೆಟ್ಟಿಲಿಗೆ ಎಷ್ಟು ಹೆಜ್ಜೆ? ಕಣ್ಣು ಮುಚ್ಚಿಕೊಂಡು ಎಣಿಸು. ಒಂದು ಸಲವಲ್ಲ, ಕಾಲಿಗೆ ಬಾಯಿಪಾಠವಾಗುವ ತನಕ.

ಬಾಗಿಲ ಹತ್ತಿರ ಚಪ್ಪಲಿ ಇಟ್ಟುಕೊಂಡಿರು.

ಅಪ್ಪ


ಹೆರಾನ್ ಕೋರ್ಟ್
19 ಮಾರ್ಚ್ 2017

ಅಪ್ಪಾ,

ಮೂವತ್ತೊಂದು ಹೆಜ್ಜೆ. ಕಣ್ಣು ಮುಚ್ಚಿ ನಡೆಯುತ್ತಿದ್ದಾಗ ಎದುರುಮನೆಯ ಡೆಸ್ಮಂಡ್ ಬಾಗಿಲು ತೆರೆದ. "ಏನವ್ವಾ, ಬೆಳಬೆಳಗ್ಗೇನೇ ಹಾಕ್ಕೊಂಡಿದೀಯಾ?" ಅಂದ. ಜಮೈಕಾದಲ್ಲಿ ಹುಟ್ಟಿ ಇಲ್ಲಿಯೇ ಅಂಚೆ ಹಂಚುತ್ತ ಮುದುಕನಾದವನು. ಸಕ್ಕರೆ ಕಾಯಿಲೆಯಲ್ಲಿ ಎರಡು ಕಾಲೂ ಹೋಗಿ ಗಾಲಿಕುರ್ಚಿಯಲ್ಲಿದ್ದಾನೆ. ನಿನ್ನ ಪತ್ರದ ವಿಷಯ ಹೇಳಿದೆ. "ನಿಮ್ಮಪ್ಪಂಗೆ ಹೇಳು, ನಂಗೆ ಮೂವತ್ತೊಂದು ಹೆಜ್ಜೆ ಕೊಟ್ಟೂ ಉಪಯೋಗಿಲ್ಲ" ಎಂದು ನಕ್ಕ. ಅವನದೂ ನನ್ನ ಹಾಗೇ ಪಾಲಿನ ಮನೆ, ಇಪ್ಪತ್ತೈದು. ಭಾನುವಾರ ಅಕ್ಕಿ, ಅವರೆಕಾಳು ಬೇಯಿಸಿ ನನ್ನನ್ನು ಕರೆಯುತ್ತಾನೆ.

ಬೀರು ಕಾರಿಡಾರಿನ ಕಡೆಯ ಗೋಡೆಗಿದೆ. ತಟ್ಟಿದರೆ ಡಬ್ಬಿಯ ಸದ್ದು. ನಿನ್ನ ಗಂಟೆಯನ್ನು ಒಳಗೇ ಹಾಕಿದೆ, ಅದರಿಂದ ಒಂದು ತಮಾಷೆಯೂ ಆಯಿತು. ಮಂಗಳವಾರ ಊಟದ ಹೊತ್ತಿಗೆ ಅದು ಬಡಿದುಕೊಳ್ಳಲು ಶುರುಮಾಡಿತು. ಬಾಗಿಲು ತೆಗೆದರೆ ಕೋಟುಗಳೆಲ್ಲ ಸುಟ್ಟ ಬ್ರೆಡ್ಡಿನ ವಾಸನೆ. ನನ್ನ ಒಲೆ ಹಚ್ಚಿಯೇ ಇರಲಿಲ್ಲ. ಆಮೇಲೆ ಗೊತ್ತಾಯಿತು, ಎರಡನೆಯ ಮಹಡಿಯಲ್ಲಿ ಯಾರೋ ಬ್ರೆಡ್ಡು ಸೀಯಿಸಿದ್ದರು. ಮೂರು ಮಹಡಿ ಹತ್ತಿಕೊಂಡು ನನ್ನ ಬೀರುವಿಗೇ ಬರಬೇಕೇ!

ಆ ಬೀರುವಿನಲ್ಲಿ ಒಂದು ಹಲಗೆ ಹೊಡೆಯೋಣವೆಂದು ಫಿಯೋನಾಳನ್ನು ಕೇಳಿದೆ. "ಬಾಡಿಗೆದಾರರು ಗೋಡೆ ಮುಟ್ಟೋ ಹಾಗಿಲ್ಲ ಮೇಡಂ" ಎಂದಳು. ಅದೇ ವಾರ ಲಿಫ್ಟ್ ರಿಪೇರಿಗೆ ಚೀಟಿ ಬಂತು, ನನ್ನ ಮನೆಗೆ ಬಂದ ಖರ್ಚು ನೂರಕ್ಕೆ ನೂರೂ ನನ್ನ ತಲೆಗೆ. ಕೇಳಿದರೆ, "ನೀವು ಮಾಲೀಕರಲ್ವಾ?" ಬಾರ್ನಿಯ ಕುದುರೆ ನೆನಪಾಯಿತು.

ರೋವೆನಾ


ಮೋರ್ಕಮ್
22 ಮಾರ್ಚ್ 2017

ರೋವೆನಾ,

ಅದು ತಮಾಷೆಯಲ್ಲ. ಪತ್ರ ಕೈಸೇರಿದ ದಿನವೇ ಅಲ್ಲಿಂದ ಹೊರಡು. ನನ್ನ ಹಾಸಿಗೆ ನಿನಗೆ, ನಾನು ಕುರ್ಚಿಯಲ್ಲಿ ಮಲಗುತ್ತೇನೆ. ಇಲ್ಲಿಯೂ ಬಸ್ಸುಗಳಿವೆ.

ಯಾಕೆ ಎಂದು ಕೇಳಬೇಡ. ಆ ಕಾಲಿಲ್ಲದ ಮನುಷ್ಯನಿಗೂ ಹೇಳು.

ಅಪ್ಪ


ಹೆರಾನ್ ಕೋರ್ಟ್
2 ಏಪ್ರಿಲ್ 2017

ಅಪ್ಪಾ,

ಸಾಕು. ಇಲ್ಲಿ ಮನೆ, ಸಾಲ, ಕೆಲಸ, ಭಾನುವಾರದ ಊಟ ಎಲ್ಲ ಇದೆ. ನೀನು ಬರೆದ ಮೇಲೆ ಬಾಗಿಲಲ್ಲಿರುವ ಚಪ್ಪಲಿ ನೋಡಿದಾಗಲೆಲ್ಲ ಬೆಂಕಿಯೇ ನೆನಪಾಗುತ್ತದೆ. ಒಲೆಯನ್ನು ಆರಿಸಿದ್ದೇನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಹಿಂದೆ ಬಂದು ಕೆಲಸಕ್ಕೆ ತಡವಾಗಿ ಎರಡು ಸಲ ಬೈಸಿಕೊಂಡೆ. ಬಿಡಿಸಿ ಹೇಳುವುದಾದರೆ ಹೇಳು. ಇಲ್ಲವಾದರೆ ಇನ್ನು ಬರೆಯಬೇಡ.

ರೋವೆನಾ


ಮೋರ್ಕಮ್
16 ಜೂನ್ 2017

ರೋವೆನಾ,

ಲಂಡನ್ನಿನಲ್ಲಿ ಹೊತ್ತಿ ಉರಿದ ಆ ಕಟ್ಟಡವನ್ನು ಬುಧವಾರದಿಂದ ನೀನೂ ಟಿವಿಯಲ್ಲಿ ನೋಡಿರುತ್ತೀಯ. ನಾನು ಕುರ್ಚಿಯಿಂದ ಎದ್ದಿಲ್ಲ. ನನಗೆ ಅವರ ಕೂಗು ಕೇಳಿಸುವುದಿಲ್ಲ, ಬಾಯಿಗಳು ಮಾತ್ರ ಕಾಣಿಸುತ್ತವೆ. ಅದರ ಕಾರಣ ಬೇರೆ ಇರಬಹುದು. ನನಗೆ ಗೊತ್ತಿರುವುದು ನಿನ್ನ ಕಟ್ಟಡದ್ದು.

ಹೆರಾನ್ ಕೋರ್ಟಿನ ಒಳಗೋಡೆಗಳನ್ನು ನಿಲ್ಲಿಸಿದ ತಂಡಕ್ಕೆ ಮೇಸ್ತ್ರಿ ನಾನು.

ನಿನ್ನ ಬೀರುವಿನ ಹಿಂದೆ ಒಂದು ಸಂದು ಇದೆ. ನೀರಿನ ಕೊಳವೆ, ತಂತಿಗಳೆಲ್ಲ ಅದರಲ್ಲಿ ನೆಲದಿಂದ ಸೂರಿನವರೆಗೆ ಹೋಗುತ್ತವೆ. ಪ್ರತಿ ಮಹಡಿಯಲ್ಲೂ ಆ ಸಂದಿಗೆ ಬೆಂಕಿ ತಡೆಯುವ ದಪ್ಪ ಪಟ್ಟಿ ತುಂಬಬೇಕು. ಇಲ್ಲದಿದ್ದರೆ ಅದು ಹೊಗೆಗೂಡೇ. ಒಂದು ಮನೆಯಲ್ಲಿ ಹೊತ್ತಿದ್ದು ಕ್ಷಣದಲ್ಲಿ ಮೇಲಿನ ಎಲ್ಲ ಮನೆಯೊಳಗೆ ಇರುತ್ತದೆ. ಆ ವರ್ಷ ಪಟ್ಟಿಗಳು ಸಮಯಕ್ಕೆ ಬರಲಿಲ್ಲ. ಸಂದು ಮುಚ್ಚುವ ಹಲಗೆ ಹೊಡೆಯುವವರು ಕಾಯಲಿಲ್ಲ. ಕಂಪನಿಯ ದೊರೆ ಬಂದು, "ಪಟ್ಟಿ ಆಮೇಲೆ ಹಾಕ್ಸೋಣ ಅಮೋಸ್, ಈಗ ರುಜು ಹಾಕ್ಬಿಡು, ಕೆಲಸ ಮುಂದಕ್ಕೆ ಹೋಗ್ಲಿ" ಎಂದ. ಹದಿನೈದು ದಿನ ನಾನು ಒಪ್ಪಲಿಲ್ಲ. ಅದನ್ನು ಜಂಬಕ್ಕೆ ಹೇಳುತ್ತಿಲ್ಲ.

ಮೇ ಹದಿನೇಳನೆಯ ತಾರೀಕು ಆಸ್ಪತ್ರೆಯಿಂದ ಸುದ್ದಿ ಬಂತು, ನಿಮ್ಮಮ್ಮನಿಗೆ ಸಂಜೆ ದಾಟುವುದು ಕಷ್ಟ ಎಂದು. ದೊರೆ ಗೇಟಿನ ಹತ್ತಿರ ಕಾಗದದ ಕಟ್ಟು ಹಿಡಿದು ನಿಂತಿದ್ದ. ಆರೂ ಮಹಡಿಯ ಹಾಳೆಗಳು. "ಇದೊಂದು ಮುಗಿಸ್ಬಿಟ್ಟು ಹೋಗು. ನನ್ನ ಕಾರಲ್ಲೇ ಕಳಿಸ್ತೀನಿ" ಎಂದ. ಪಟ್ಟಿ ಹಾಕಿದೆ, ನೋಡಿದ್ದೇನೆ, ಸರಿಯಾಗಿದೆ ಎಂದು ಪ್ರತಿ ಹಾಳೆಗೂ ರುಜು ಹಾಕಿದೆ. ಕಾರಿನ ಮೇಲೇ ಇಟ್ಟುಕೊಂಡು ಹಾಕಿದೆ. ಅವಳು ಹೋಗುವ ಮುಂಚೆ ತಲುಪಿದೆ.

ಅಲ್ಲಿರುವವರು ಯಾರೋ ಎಂದು ನಾಲ್ಕು ವರ್ಷ ಬದುಕಿದೆ. ನೀನು ಕಟ್ಟಡದ ಹೆಸರು ಬರೆದ ದಿನದಿಂದ ಹಾಗೆ ಬದುಕಲಾಗಲಿಲ್ಲ. ಆದರೂ ಬಾಯಿ ಬಿಡಲು ಒಂಬತ್ತು ತಿಂಗಳು ಬೇಕಾಯಿತು. ಮಗಳು ಒಳಗಿದ್ದಾಗಲೂ.

ಅಮೋಸ್ ಗಾರ್ಬಟ್
(ಪೂರ್ತಿ ಹೆಸರು ಬರೆದಿದ್ದೇನೆ, ಯಾರಿಗಾದರೂ ತೋರಿಸಬೇಕಾದೀತು)


ಹೆರಾನ್ ಕೋರ್ಟ್
21 ಜೂನ್ 2017

ಓದಿದೆ.

ಆಸ್ಪತ್ರೆಯಲ್ಲಿ ನೀನು ಮೈಯೆಲ್ಲ ಸುಣ್ಣದ ಧೂಳು ಮೆತ್ತಿಕೊಂಡು ಓಡಿ ಬಂದು ಅಮ್ಮನ ಕೈ ಹಿಡಿದೆಯಲ್ಲ, ನಿನ್ನ ಮೇಲೆ ಎಷ್ಟೇ ಸಿಟ್ಟು ಬಂದರೂ ಅದನ್ನು ನೆನೆದು ಸುಮ್ಮನಾಗುತ್ತಿದ್ದೆ. ಈಗ ಅದನ್ನು ನೆನೆಯಲೂ ಭಯವಾಗುತ್ತಿದೆ.

ಡೆಸ್ಮಂಡ್‌ಗೆ ಪತ್ರ ಕೊಟ್ಟೆ. ಓದಿ ಮಡಚಿ ವಾಪಸು ಕೊಟ್ಟ. ಆಮೇಲೆ, "ಐವತ್ನಾಲ್ಕು ಮನೆ ಇದಾವೆ ಇಲ್ಲಿ. ಯಾರು ಹೇಳ್ತಾರೆ ಅವರಿಗೆ, ನೀನಾ ನಾನಾ?" ಅಂದ. ಫಿಯೋನಾಳಿಗೆ ಹೇಳಿದೆ. ಅವಳು ಮೇಲಿನವರನ್ನು ಕೇಳಿ ಬಂದಳು. "ದಾಖಲೆ ಎಲ್ಲಾ ಸರಿಯಾಗಿದೆ ಮೇಡಂ, ಎಲ್ಲಾ ಮಹಡಿಗೂ ರುಜು ಇದೆ."

ನಿನ್ನ ರುಜು.

ರೋ


ಮೋರ್ಕಮ್
25 ಜೂನ್ 2017

ರೋವೆನಾ,

ಅಗ್ನಿಶಾಮಕದವರಿಗೆ ಆ ಪತ್ರ ಕೊಡು. ನನ್ನನ್ನು ನೆನೆದು ಹಿಂದೆ ಮುಂದೆ ನೋಡಬೇಡ. ನಾನೂ ಬರುತ್ತೇನೆ. ರುಜು ಸುಳ್ಳು ಎಂದು ರುಜು ಹಾಕಿದವನೇ ಹೇಳಿದರೆ ಗೋಡೆ ಒಡೆಯಲೇಬೇಕಾಗುತ್ತದೆ. ನನ್ನ ಮುಖ ನೋಡಲು ಇಷ್ಟವಿಲ್ಲದಿದ್ದರೆ ಸ್ಟೇಷನ್ನಿಗೆ ಬರಬೇಡ, ದಾರಿ ನನಗೆ ಗೊತ್ತು.

ಅಪ್ಪ


ಹೋಟೆಲ್, ಸಾಲ್ಫರ್ಡ್
30 ಜುಲೈ 2017

ಅಪ್ಪಾ,

ಅಗ್ನಿಶಾಮಕ ಕಚೇರಿಯ ಮೆಟ್ಟಿಲ ಮೇಲೆ ನಿನ್ನ ಜೊತೆ ಒಂದು ಮಾತೂ ಆಡದೆ ರೈಲಿಗೆ ಕಳಿಸಿಬಿಟ್ಟೆ. ಆಮೇಲೆ ಏನಾಯಿತೆಂದು ನಿನಗೆ ಗೊತ್ತಾಗಬೇಕು, ಅದಕ್ಕೆ ಬರೆಯುತ್ತಿದ್ದೇನೆ.

ಗುರುವಾರ ಬೆಳಿಗ್ಗೆ ಬಂದು ಮೂರನೆಯ ಮಹಡಿಯಲ್ಲಿ ಒಂದು ಹಲಗೆ ಬಿಚ್ಚಿದರು. ಆಮೇಲೆ ನಾಲ್ಕರಲ್ಲಿ. ಅಧಿಕಾರಿಣಿ ಒಳಗೆ ಟಾರ್ಚು ಬಿಟ್ಟು ನೋಡಿದವಳು ತಲೆ ಹೊರಗೆ ತೆಗೆದು, "ಎಲ್ಲರನ್ನೂ ಇಳಿಸಿ" ಎಂದಳು. ಅಷ್ಟೇ. ಮಧ್ಯಾಹ್ನ ಎರಡಕ್ಕೆ ಕಟ್ಟಡ ಖಾಲಿ. ಒಬ್ಬೊಬ್ಬರಿಗೆ ಒಂದೊಂದು ಚೀಲ. ಒಬ್ಬ ಹೆಂಗಸು ಒಲೆಯ ಮೇಲಿದ್ದ ಸಾರಿನ ಪಾತ್ರೆಯನ್ನೇ ಹಿಡಿದುಕೊಂಡು ಇಳಿದಳು.

ಲಿಫ್ಟ್ ನಿಲ್ಲಿಸಿದ್ದರು. ಡೆಸ್ಮಂಡ್‌ನನ್ನು ನಾಲ್ಕು ಜನ ಹೊತ್ತು ಇಳಿಸಿದರು. ಅಷ್ಟುದ್ದಕ್ಕೂ ಅವನು ಕಣ್ಣು ಮುಚ್ಚಿಕೊಂಡಿದ್ದ. ಕೆಳಗೆ ಬಂದ ಮೇಲೆ, "ಹೊತ್ಕೊಂಡು ಬರೋಕೆ ಒಂಬತ್ತು ನಿಮಿಷ ಬೇಕಾಯ್ತು ರೋವೆನಾ. ಬೆಂಕಿ ಇಲ್ದೇನೇ ಒಂಬತ್ತು" ಅಂದ.

ಯಾರ ಅಪ್ಪ ಬರೆದ ಪತ್ರ ಎಂದು ಎಲ್ಲರಿಗೂ ಗೊತ್ತಾಗಿದೆ. ಒಬ್ಬ ನನ್ನ ಕೈ ಕುಲುಕಿದ. ಇನ್ನೊಬ್ಬ, ಹೊಸದಾಗಿ ಮದುವೆಯಾದವನು, ನನ್ನ ಕಾಲ ಹತ್ತಿರ ಉಗಿದ. "ನಿಮ್ಮಪ್ಪ ಬಾಯಿ ಮುಚ್ಕೊಂಡಿದ್ದಿದ್ರೆ ನಮಗೊಂದು ಮನೆಯಾದ್ರೂ ಇರ್ತಿತ್ತು" ಅಂದ. ಅವನ ಹೆಂಡತಿ ಏಳು ತಿಂಗಳ ಬಸುರಿ.

ಈ ಮನೆಯನ್ನು ಈಗ ಯಾರೂ ಕೊಳ್ಳುವುದಿಲ್ಲ. ಬ್ಯಾಂಕಿನ ಕಂತು ನಿಲ್ಲದು, ಖಾಲಿ ಮನೆಗೆ ಬಾಡಿಗೆಯೂ ನಿಲ್ಲದು. ಒಡೆದು ಕಟ್ಟುವ ಖರ್ಚೂ ನಮಗೇ ಬರಬಹುದಂತೆ. ಇದನ್ನು ಹೇಳುವಾಗ ಫಿಯೋನಾ ಅತ್ತುಬಿಟ್ಟಳು. ಪಾಪ, ಅವಳಿಗಾದರೂ ಏನು ಗೊತ್ತಿತ್ತು.

ರೋವೆನಾ


ಮೋರ್ಕಮ್
6 ಆಗಸ್ಟ್ 2017

ನಮ್ಮ ರೋವೆನಾಗೆ,

ಕಟ್ಟಡ ಖಾಲಿ ಎಂದು ನೀನು ಬರೆದ ಸಾಲನ್ನು ಮತ್ತೆ ಮತ್ತೆ ಓದಿದೆ.

ಪೊಲೀಸರಿಂದ ಕಾಗದ ಬಂದಿದೆ. ಇಪ್ಪತ್ತೆರಡನೆಯ ತಾರೀಕು, ಮಂಗಳವಾರ, ಹನ್ನೊಂದು ಗಂಟೆಗೆ ಲ್ಯಾಂಕಾಸ್ಟರಿನಲ್ಲಿ ಹಾಜರಾಗಬೇಕು. ಕಂಪನಿಯ ದೊರೆ ಮೂರು ವರ್ಷದ ಹಿಂದೆ ಸತ್ತನಂತೆ. ಈಗ ಆ ಹಾಳೆಗಳ ಮೇಲಿರುವ ಹೆಸರುಗಳಲ್ಲಿ ಬದುಕಿರುವವನು ನಾನೊಬ್ಬನೇ. "ಏನು ಕೇಳಿದ್ರೂ ಉತ್ತರ ಕೊಡಬೇಡಿ" ಎಂದು ವಕೀಲ ಬರೆದು ತೋರಿಸಿದ. ಇಷ್ಟು ವರ್ಷ ಮಾಡಿದ್ದು ಅದನ್ನೇ ಅಲ್ಲವೇ ಎಂದೆ. ಜೈಲು ಆಗಬಹುದು ಎಂದ. ಎಪ್ಪತ್ತಮೂರಾಯಿತು, ಆದರೆ ಆಗಲಿ.

ನೀನು ಬರಬೇಕಾಗಿಲ್ಲ. ಇದು ನನ್ನೊಬ್ಬನದು.

ಅಪ್ಪ


ಹೋಟೆಲ್, ಸಾಲ್ಫರ್ಡ್
17 ಆಗಸ್ಟ್ 2017

ಅಪ್ಪಾ,

ನಿನ್ನೆ ಬಟ್ಟೆ, ಕಾಗದಪತ್ರ ತೆಗೆದುಕೊಳ್ಳಲು ಇಪ್ಪತ್ತು ನಿಮಿಷ ಒಳಗೆ ಬಿಟ್ಟರು. ತಲೆಗೆ ಹೆಲ್ಮೆಟ್ಟು, ಜೊತೆಗೊಬ್ಬ ತನಿಖೆಯವನು. ನನ್ನ ಬೀರುವಿನ ಹಿಂಭಾಗವನ್ನು ಪೂರ್ತಿ ಕಿತ್ತಿದ್ದಾರೆ. ಬಗ್ಗಿ ನೋಡಿದೆ. ಕೆಳಗೆ, ನೆಲಮಹಡಿಯಲ್ಲಿ ಕೆಲಸ ಮಾಡುತ್ತಿದ್ದವನ ಹಳದಿ ಹೆಲ್ಮೆಟ್ಟು ಕಾಣಿಸಿತು. ಅವನು ಸೀಟಿ ಹಾಕುತ್ತಿದ್ದ, ಪಕ್ಕದಲ್ಲೇ ನಿಂತ ಹಾಗೆ ಕೇಳಿಸಿತು. ತಣ್ಣನೆಯ ಗಾಳಿ ಕೆಳಗಿನಿಂದ ಮುಖಕ್ಕೆ ಹೊಡೆಯಿತು. ಏಳು ತಿಂಗಳು ನಾನು ಕೋಟು ನೇತುಹಾಕಿದ್ದು ಇದರ ಬಾಯಿಗೆ.

ಕಿತ್ತ ಹಲಗೆಯನ್ನು ಗೋಡೆಗೆ ಒರಗಿಸಿದ್ದರು. ಅದರ ಒಳಮೈಯಲ್ಲಿ ಬಡಗಿಯ ಪೆನ್ಸಿಲಿನ ಬರಹವಿತ್ತು. ಅಳತೆ, ಬಾಣದ ಗುರುತು, ಕೆಳಗೆ ಎರಡು ಪದ: "ಪಟ್ಟಿ — ನಾಳೆ." ಆ ವಾಲಿದ ಅಕ್ಷರ ಯಾರದೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ತನಿಖೆಯವನು, "ಪ್ರತಿ ಮಹಡೀಲೂ ಇದೇ ಇದೆ. ಯಾರ ಕೈಬರಹ ಗೊತ್ತಾ ನಿಮಗೆ?" ಎಂದ. ಗೊತ್ತು ಅಂದೆ.

ಇದನ್ನು ನೀನು ಯಾಕೆ ಬರೆಯಲಿಲ್ಲ? ಹಾಕಬೇಕೆಂದೇ ಇದ್ದೆ, ಗುರುತೂ ಮಾಡಿಟ್ಟಿದ್ದೆ ಎಂದು ಒಂದು ಸಾಲು ಬರೆದಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲವೇನೋ. ಆಮೇಲೆ ಹೋಟೆಲಿಗೆ ಬಂದು ಕೂತು ಯೋಚಿಸಿದೆ. ಹದಿನೇಳರ ಮರುದಿನ ನೀನು ಅಮ್ಮನ ಶವಪೆಟ್ಟಿಗೆ ಆರಿಸುತ್ತಿದ್ದೆ, ಅದು ನನಗೆ ನೆನಪಿದೆ. ಅದರ ಮರುದಿನ? ಅದರ ಮರುವಾರ? ಆ ಪ್ರಶ್ನೆಗೆ ನಿನ್ನ ಹತ್ತಿರ ಉತ್ತರವಿಲ್ಲ, ಅದಕ್ಕೇ ಬರೆಯಲಿಲ್ಲ.

ಮಂಗಳವಾರ ಅದನ್ನೂ ಹೇಳು. ನಿನ್ನನ್ನು ಉಳಿಸಿಕೊಳ್ಳಲು ಅಲ್ಲ. ಅಲ್ಲಿ ಪಟ್ಟಿ ಇಲ್ಲವೆಂದು ಕಂಪನಿಗೆ, ಹಲಗೆ ಹೊಡೆದವರಿಗೆ, ಅದನ್ನು ಓದಿ ಮುಚ್ಚಿದ ಪ್ರತಿಯೊಬ್ಬನಿಗೂ ಗೊತ್ತಿತ್ತು ಎಂದು ಹೇಳಬೇಕಾದವನು ನೀನೇ. ನೀನು ಹೇಳದಿದ್ದರೆ ನಾನು ಹೇಳುತ್ತೇನೆ.

ರಜೆ ಹಾಕಿದ್ದೇನೆ. ಒಂಬತ್ತೂವರೆಯ ಹೊತ್ತಿಗೆ ಮೋರ್ಕಮ್ಮಿನಲ್ಲಿರುತ್ತೇನೆ. ಗಡ್ಡ ಬೋಳಿಸಿಕೊ, ಬೂದು ಕೋಟು ಹಾಕಿಕೊ, ಬಾಗಿಲಲ್ಲಿ ನಿಂತಿರು. ಒಳಗೆ ನನ್ನನ್ನು ಬಿಡುವುದಿಲ್ಲವಂತೆ, ದೂರು ಕೊಟ್ಟವಳು ನಾನಲ್ಲವೇ. ಹೊರಗೆ ಬೆಂಚಿನ ಮೇಲೆ ಕೂತಿರುತ್ತೇನೆ.

ಕ್ಷಮಿಸಿದೆ ಎಂದುಕೊಳ್ಳಬೇಡ. ನನಗೇ ಇನ್ನೂ ಗೊತ್ತಿಲ್ಲ. ನೀನು ಹೊರಗೆ ಬಂದಾಗ ಅಲ್ಲಿ ಯಾರಾದರೂ ಇರಬೇಕು.

ನಿನ್ನ ಮಗಳು
ರೋವೆನಾ